ತಮ್ಮನ ಪಾಲು

ಕತಾರಿನ ಉಮ್ಮ್ ಸಲಾಲ್‌ನಿಂದ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಅವರು ನನ್ನ ಪಕ್ಕದ ಸೀಟಿನವರು, ಬಾಗಲಕೋಟೆ ಕಡೆಯ ಆಪರೇಟರ್. ಕಿಟಕಿಯಾಚೆ ಮರಳು ಮಂಜಿನಂತೆ ತೇಲುತ್ತಿದ್ದರೆ ಅವರು ಮೊಬೈಲಿನಲ್ಲಿ, ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶಕ್ಕೆ ನಮ್ಮ ಹಬ್ಬಗಳ ಬಗ್ಗೆ ಬರೆಯುತ್ತಿದ್ದರು. ಬೇರೆಯವರು ಬರೆದ ಸಾಲು ಕಂಡರೆ, "ಇದಕ್ಕ ಆಧಾರ ಎಲ್ಲೈತ್ರಿ?" ಎನ್ನುತ್ತಿದ್ದರು. ಸಿಗದಿದ್ದರೆ ಹೆಬ್ಬೆರಳಿನಿಂದ ಅಳಿಸಿ, "ಖಲಾಸ್."

ನಾಗರಪಂಚಮಿಯ ಪುಟಕ್ಕೆ ಒಮ್ಮೆ ತಾವೇ ಬರೆದರು: ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಪಾಲೆಂದು ಹೇಳುತ್ತಾರೆ, ದೂರ ಇರುವವರ ಪಾಲನ್ನು ಎರಡು ಸಲ ಎರೆಯುತ್ತಾರೆ. ಮರುದಿನ ಆ ಕೊನೆಯ ಮಾತನ್ನು ತಾವೇ ತೆಗೆದುಹಾಕಿದರು.

"ಯಾಕೆ?" ಎಂದೆ.

"ಯಾವ ಪುಸ್ತಕದಾಗೂ ಇಲ್ರಿ. ನಮ್ಮಕ್ಕ ಹಂಗ ಮಾಡ್ತಾಳ, ಅಷ್ಟ. ಅಕ್ಕ ಆಧಾರ ಆಗಂಗಿಲ್ಲ."

ಪಂಚಮಿಯ ಬೆಳಿಗ್ಗೆ ಬಸ್ಸಿನಲ್ಲೇ ಅಕ್ಕನ ವಿಡಿಯೊ ಕಾಲ್ ಬಂತು. ಹಬ್ಬಕ್ಕೆ ತವರಿಗೆ ಬಂದಿದ್ದ ಆಕೆ ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತಿದ್ದಳು.

"ಅಪ್ಪನ ಪಾಲು. ಅವ್ವನ ಪಾಲು. ಕತಾರದಾಗಿರೋ ನನ್ನ ತಮ್ಮನ ಪಾಲು."

ಮತ್ತೊಮ್ಮೆ ಎರೆದಳು. "ನನ್ನ ತಮ್ಮನ ಪಾಲು."

ಪಕ್ಕದಲ್ಲಿ ಅವರು ಮೊಬೈಲಿನ ಕೆಳಗೆ ಅಂಗೈ ಒಡ್ಡಿದ್ದರು. ಕಾಲ್ ಮುಗಿದರೂ, ಬಸ್ಸು ಪ್ಲಾಂಟಿನ ಗೇಟು ಮುಟ್ಟುವವರೆಗೂ, ಆ ಕೈಯನ್ನು ಹಾಗೇ ಹಿಡಿದುಕೊಂಡಿದ್ದರು, ಚೆಲ್ಲದ ಹಾಗೆ.