ಟೀ ಕೂಗಿ ತಲೆ ಎಣಿಸಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನನ್ನು ವೇದಿಕೆ ಹತ್ತಿಸುವುದೂ ಒಂದೇ, ಬೆಕ್ಕಿಗೆ ಸ್ನಾನ ಮಾಡಿಸುವುದೂ ಒಂದೇ. ಮೂವತ್ತೊಂದು ವರ್ಷ ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿದ ಮನುಷ್ಯ, ಇನ್ನೂರು ಜನರೆದುರು ಮಾತಾಡಬೇಕು ಅಂದದ್ದೇ ತಡ, ಬೆಳಗ್ಗೆಯಿಂದ ಮೂರು ಅಂಗಿ ಬದಲಾಯಿಸಿದರು. "ಕಡಲ್ಗಳ್ಳರಿಗೆ ಹೆದರದವರು ಮೈಕಿಗೆ ಹೆದರ್ತಾರಂತೆ!" ಅಂತ ಚಿಕ್ಕಮ್ಮ ಬಾಗಿಲವರೆಗೂ ರೇಗಿಸುತ್ತಲೇ ಕಳಿಸಿಕೊಟ್ಟರು.

ನಾವಿಕರ ಕಾಲೇಜಿನ ಸಭಾಂಗಣ ಕಿಕ್ಕಿರಿದಿತ್ತು. ಗೋಡೆಯ ಮೇಲೆ 'ಕಡಲ್ಗಳ್ಳತನ: ದೇಶಗಳು ಏನು ಮಾಡಬೇಕು?' ಎಂಬ ಬ್ಯಾನರು. ನಿವೃತ್ತ ನೌಕಾ ಅಧಿಕಾರಿಯೊಬ್ಬರು ಒಂದು ಗಂಟೆ ನಕ್ಷೆ ತೋರಿಸಿದರು. ಇನ್ನಷ್ಟು ಯುದ್ಧನೌಕೆ ಬೇಕು, ಹಡಗಿಗೆ ಬಂದೂಕಿನ ಕಾವಲು ಬೇಕು, ಒಪ್ಪಂದಗಳು ಬಿಗಿಯಾಗಬೇಕು. ನನಗೆ ಆಕಳಿಕೆ ತಡೆಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ದಪ್ಪ ಸ್ವೆಟರ್ ತೊಟ್ಟ ಹಿರಿಯರೊಬ್ಬರು ಏಸಿ ಆರಿಸಿ ಅಂತ ಜವಾನನಿಗೆ ಮೂರನೇ ಸಲ ಹೇಳುತ್ತಿದ್ದರು. "ನಮ್ಮ ಹಳೇ ಹಡಗಿನವನು, ಜೊತೆಗೆ ಕೂತ್ಕೋ" ಎಂದಷ್ಟೇ ಹೇಳಿ ಚಿಕ್ಕಪ್ಪ ನನ್ನನ್ನು ಅವರ ಬಳಿ ಬಿಟ್ಟು ಹೋಗಿದ್ದರು.

ಕೊನೆಗೆ ಅಧಿಕಾರಿ ಚಿಕ್ಕಪ್ಪನ ಹಡಗಿನ ಚಿತ್ರ ತೋರಿಸಿದರು. "ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಜನ ಕ್ಷೇಮ. ಏಳು ಕಳ್ಳರು ಸೆರೆ. ಒಂದು ಗುಂಡೂ ಹಾರಲಿಲ್ಲ. ಜಯ ಅಂದ್ರೆ ಇದು! ಆ ಹಡಗಿನ ಅಡುಗೆಯವರೇ ಇವತ್ತು ನಮ್ಮ ಜೊತೆ ಇದ್ದಾರೆ, ಬನ್ನಿ."

ಚಿಕ್ಕಪ್ಪ ಮೈಕಿನ ಮುಂದೆ ನಿಂತು ಕೆಮ್ಮಿದರು. ಮುಂದಿನದು ನಾನು ಮನೆಯಲ್ಲಿ ನೂರು ಸಲ ಕೇಳಿದ ಕತೆ. ಆದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ, ಏನು ಮಾಡಲಿ!

ಆ ಹಡಗಿನ ಬಾವುಟ ಒಂದು ದೇಶದ್ದು, ಮಾಲೀಕ ಇನ್ನೊಂದು ದೇಶದವನು, ಸರಕು ಮತ್ತೊಂದು ದೇಶದ್ದು. ಕೆಲಸದವರು ಐದು ದೇಶದವರು. ಅವರ ಹೆಸರುಗಳು ಚಿಕ್ಕಪ್ಪನ ನಾಲಿಗೆಗೆ ಹೊರಳುತ್ತಲೇ ಇರಲಿಲ್ಲ. ಅದಕ್ಕೆ ಅವರವರ ಟೀಯನ್ನೇ ಅವರವರ ಹೆಸರು ಮಾಡಿಬಿಟ್ಟರು. ಕ್ಯಾಪ್ಟನ್ 'ಸಕ್ಕರೆ ಇಲ್ಲ'. ಡೆಕ್ಕಿನ ಆಳುಗಳ ಮೇಲಿನವನು, ಎಲ್ಲರೂ ಬೋಸನ್ ಎನ್ನುತ್ತಿದ್ದ ದಡೂತಿ ಮನುಷ್ಯ, 'ನಿಂಬೆ'. ನಮ್ಮ ಭಾಷೆಯವನೇ ಆದ ಎಲೆಕ್ಟ್ರಿಷಿಯನ್ 'ಎರಡು ಚಮಚ'. ಅವನಿಗೂ ಚಿಕ್ಕಪ್ಪನಿಗೂ ಹಾವು ಮುಂಗುಸಿ ಸಂಬಂಧ.

ಅವತ್ತು ಬೆಳಗ್ಗೆ ಜಗಳ ಶೀತಲ ಕೋಣೆಯ ಗಂಟೆಯದ್ದು. ಮಾಂಸ, ಮೀನು ಇಡುವ ಆ ಕೋಣೆಯೊಳಗೆ ಯಾರಾದರೂ ಸಿಕ್ಕಿಬಿದ್ದರೆ ಒತ್ತಲು ಒಂದು ಗುಂಡಿ ಇರುತ್ತದೆ. ಒತ್ತಿದರೆ ಮೇಲಿನ ಅಡುಗೆಮನೆಯಲ್ಲಿ ಗಂಟೆ ಕಿವಿ ಕಿತ್ತುಹೋಗುವ ಹಾಗೆ ಬಡಿಯಬೇಕು. ಅದು ಕೆಟ್ಟು ನಾಲ್ಕು ದಿನವಾಗಿತ್ತು. ಚಿಕ್ಕಪ್ಪ ಪ್ರಾಣ ತಿಂದು ತಿಂದು ಕೊನೆಗೆ ಎಲೆಕ್ಟ್ರಿಷಿಯನ್‌ನನ್ನು ಒಳಗೆ ಅಟ್ಟಿದರು. "ಬಾಗಿಲು ಮುಚ್ಕೊಂಡೇ ಕೆಲಸ ಮಾಡು. ತೆರೆದಿಟ್ರೆ ಕೈ ಮುರೀತೀನಿ." ಇದು ಅವರ ಅಡುಗೆಮನೆಯ ಮೊದಲನೇ ಕಾನೂನು.

ಹತ್ತು ಗಂಟೆಗೆ ಹಡಗಿನ ಸೈರನ್ ಕೂಗಿತು. ಸಣ್ಣ ದೋಣಿ, ಏಳು ಜನ, ಬಂದೂಕು, ಉದ್ದದ ಏಣಿ. ಎಲ್ಲರೂ ಬಿದ್ದು ಎದ್ದು ಕೆಳಗಿನ ಚುಕ್ಕಾಣಿ ಯಂತ್ರದ ಕೋಣೆಗೆ ಓಡಿದರು. ಇಂಥ ಹೊತ್ತಿಗೆಂದೇ ಇರುವ ಅಡಗುತಾಣ ಅದು. ಬೋಸನ್ ಕಬ್ಬಿಣದ ಬಾಗಿಲು ಎಳೆದು ಅಗುಳಿ ಜಡಿದ. ಎಂಜಿನ್ ನಿಲ್ಲಿಸಿದ್ದರಿಂದ ದೀಪವೂ ಹೋಯಿತು, ಕಣ್ಣಿಗೆ ಬೆರಳು ಚುಚ್ಚಿದರೂ ಕಾಣದ ಕತ್ತಲೆ.

ಕ್ಯಾಪ್ಟನ್ ಫೋನ್ ಹಚ್ಚಿದರು. ಹತ್ತಿರದಲ್ಲಿದ್ದ ಯುದ್ಧನೌಕೆ ಇವು ಯಾವುದೂ ಅಲ್ಲದ ಇನ್ನೊಂದು ದೇಶದ್ದು. ಅಲ್ಲಿಂದ ಒಂದೇ ಪ್ರಶ್ನೆ: "ಎಲ್ಲರೂ ಒಳಗಿದ್ದೀರಾ?" ಒಬ್ಬ ಹೊರಗಿದ್ದರೂ ಸೈನಿಕರು ಹಡಗು ಹತ್ತುವುದಿಲ್ಲ, ಹತ್ತಿದರೆ ಕಳ್ಳರು ಮೊದಲು ಅವನ ತಲೆಗೇ ಬಂದೂಕು ಇಡುತ್ತಾರೆ. ಕ್ಯಾಪ್ಟನ್ ಕತ್ತಲೆಯಲ್ಲಿ ತಡವಿ ಎಣಿಸಿದರು. ಒಂದು ಸಲ ಇಪ್ಪತ್ತು, ಒಂದು ಸಲ ಇಪ್ಪತ್ತೆರಡು. "ಇಪ್ಪತ್ತೆರಡು ಅಂದ್ಬಿಡ್ತೀನಿ" ಅಂತ ಫೋನ್ ಎತ್ತಿದರು.

"ತಡೀರಿ ಸಾರ್, ನಾನು ಎಣಿಸ್ತೀನಿ" ಅಂದರು ಚಿಕ್ಕಪ್ಪ. ದಿನಾ ಬೆಳಗ್ಗೆ ಲೋಟ ಜೋಡಿಸುವ ಕ್ರಮದಲ್ಲೇ ಕೂಗತೊಡಗಿದರು.

"ಸಕ್ಕರೆ ಇಲ್ಲ?"

"ಇದ್ದೀನಿ."

"ನಿಂಬೆ?"

"ಇದ್ದೀನಿ."

"ಹಾಲು ಜಾಸ್ತಿ?" "ಇದ್ದೀನಿ." "ಶುಂಠಿ?" "ಇದ್ದೀನಿ." "ಎರಡು ಚಮಚ?"

ಉತ್ತರವಿಲ್ಲ.

ಚಿಕ್ಕಪ್ಪನಿಗೆ ಆಗ ಹೊಳೆಯಿತು, ಅವನಿನ್ನೂ ಗಂಟೆ ರಿಪೇರಿಯಲ್ಲೇ ಇದ್ದಾನೆ. ಶೀತಲ ಕೋಣೆಯ ಗೋಡೆ ಅಂಗೈ ಅಗಲ ದಪ್ಪ, ಸೈರನ್ ಎಲ್ಲಿ ಕೇಳಿಸಬೇಕು? ಬಾಗಿಲು ಮುಚ್ಚಿಸಿದ್ದು ತಾವೇ. ಕೆಲಸ ಮುಗಿಸಿ ಅವನು ಆರಾಮಾಗಿ ಮೆಟ್ಟಿಲು ಹತ್ತಿದರೆ ನೇರ ಕಳ್ಳರ ತೋಳಿಗೇ ಬೀಳುತ್ತಾನೆ!

"ನಾನು ಕರ್ಕೊಂಡು ಬರ್ತೀನಿ."

"ಐದು ನಿಮಿಷ. ಆಮೇಲೆ ಬಾಗಿಲು ತೆಗೆಯಲ್ಲ" ಅಂದರು ಕ್ಯಾಪ್ಟನ್.

ಬೋಸನ್ ಅಗುಳಿಗೆ ಕೈ ಹಾಕಿ ಕಿವಿಯಲ್ಲಿ ಹೇಳಿದ: "ಹೋಗಿ ಬಾ. ಗಡಿಯಾರ ಅವರು ನೋಡ್ಲಿ, ಬಾಗಿಲು ನಾನು ನೋಡ್ಕೋತೀನಿ."

ಚಿಕ್ಕಪ್ಪ ಬರಿಗಾಲಲ್ಲಿ ಎರಡು ಏಣಿ ಹತ್ತಿದರು. ತಲೆಯ ಮೇಲೆ, ತಮ್ಮ ಅಡುಗೆಮನೆಯಲ್ಲೇ, ಪಾತ್ರೆಗಳು ದಡಬಡ ಬೀಳುತ್ತಿದ್ದವು. ಕಳ್ಳರಿಗೆ ಹಸಿವಾಗಿತ್ತು. "ಭಯ ಆಗಿದ್ದು ನಿಜ. ಆದ್ರೆ ನನ್ನ ದೊಡ್ಡ ಬಾಣಲೆ ಎತ್ತಿ ಹಾಕಿದ್ರಲ್ಲ, ಹೊಟ್ಟೆ ಉರೀತು" ಎಂದರು ಮೈಕಿನಲ್ಲಿ. ಸಭೆ ಗೊಳ್ಳೆಂದಿತು.

ಶೀತಲ ಕೋಣೆಯ ಬಾಗಿಲು ಎಳೆದರೆ ಒಳಗೆ ಮೀಸೆಯ ಮೇಲೆ ಮಂಜು ಹಿಡಿದ ಎಲೆಕ್ಟ್ರಿಷಿಯನ್, ಬಾಯಲ್ಲಿ ಟಾರ್ಚು. ಟಾರ್ಚು ತೆಗೆದು ಹಲ್ಲು ಕಿರಿದ. "ಬಾಗಿಲು ಮುಚ್ಚಪ್ಪ! ನಿನ್ನ ಕಾನೂನು ನಿನಗೇ ಮರೆತುಹೋಯ್ತಾ? ಕರೆಂಟು ಹೋಯ್ತು ಅಂತ ಬ್ಯಾಟರಿ ಹಾಕಿ ರೆಡಿ ಮಾಡಿದ್ದೀನಿ ನಿನ್ನ ಗಂಟೆನ. ಕೇಳು, ಹೇಗೆ ಬಡಿಯುತ್ತೆ!"

ಎನ್ನುತ್ತಾ ಗುಂಡಿಯ ಕಡೆ ಬೆರಳು ಚಾಚಿದ.

ಗಂಟೆ ಇರುವುದು ಮೇಲೆ, ಕಳ್ಳರ ತಲೆಯ ಹತ್ತಿರ! ಚಿಕ್ಕಪ್ಪ ಕೂಗುವಂತಿಲ್ಲ, ವಿವರಿಸಲು ಹೊತ್ತಿಲ್ಲ. ಹಾರಿ ಅವನ ಬೆರಳನ್ನೇ ಹಲ್ಲಿನಲ್ಲಿ ಕಚ್ಚಿ ಹಿಡಿದುಬಿಟ್ಟರು. ಅವನು ಬಾಯಿ ತೆರೆಯುವಷ್ಟರಲ್ಲಿ ಅದನ್ನೂ ಅಂಗೈಯಿಂದ ಮುಚ್ಚಿ ಮೇಲೆ ಕಣ್ಣು ತೋರಿಸಿದರು. ಚಾವಣಿಯಾಚೆ ಯಾರೋ ಬೇರೆ ಭಾಷೆಯಲ್ಲಿ ನಗುತ್ತಿದ್ದರು. ಎಲೆಕ್ಟ್ರಿಷಿಯನ್ ಮುಖ ಬಿಳುಚಿತು.

ಇಬ್ಬರೂ ಇಳಿದು ಬರುವಷ್ಟರಲ್ಲಿ ಐದಲ್ಲ, ಒಂಬತ್ತು ನಿಮಿಷವಾಗಿತ್ತು. ಕ್ಯಾಪ್ಟನ್ ಎರಡು ಸಲ ಮುಚ್ಚು ಅಂದಿದ್ದರಂತೆ. 'ನಿಂಬೆ' ಬೋಸನ್ ಕಂಬದ ಹಾಗೆ ಬಾಗಿಲಲ್ಲೇ ನಿಂತಿದ್ದ. ಇಬ್ಬರನ್ನೂ ಅಂಗಿ ಹಿಡಿದು ಒಳಗೆಳೆದು ಅಗುಳಿ ಜಡಿದ. ಆಗ ಕ್ಯಾಪ್ಟನ್ ಫೋನಿನಲ್ಲಿ ಹೇಳಿದರು: "ಇಪ್ಪತ್ತೆರಡು. ಎಲ್ಲರೂ ಒಳಗೆ."

ನಾಲ್ಕು ಗಂಟೆ ಕಳೆದ ಮೇಲೆ ಹೆಲಿಕಾಪ್ಟರ್ ಬಂತು. ಏಳೂ ಜನ ಬಂದೂಕು ಕೆಳಗಿಟ್ಟರು. ಅವತ್ತು ಚಿಕ್ಕಪ್ಪ ಸೈನಿಕರಿಗೂ ಟೀ ಕೊಟ್ಟರು, ಕೈಕಟ್ಟಿ ಕೂರಿಸಿದ್ದ ಆ ಏಳು ಜನರಿಗೂ ಕೊಟ್ಟರು. ಅವರ ನಾಯಕನಿಗೆ ಎಡಗಿವಿ ಅರ್ಧವೇ ಇತ್ತು.

ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮನೆಯಲ್ಲಿ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಚಿಕ್ಕಪ್ಪ ಇಳಿಯುತ್ತಾರೆ ಅಂತ ನಾನೂ ಎದ್ದೆ. ಅವರು ಇಳಿಯಲಿಲ್ಲ.

"ಸಾರ್, ಸೆರೆ ಆಯ್ತು ಅಂದ್ರಲ್ಲ. ಆಮೇಲೆ ಅವರು ಏನಾದ್ರು?"

ಅಧಿಕಾರಿ ತಡವರಿಸಿದರು. "ವಿಚಾರಣೆಗೆ ಯಾವ ದೇಶವೂ ಒಪ್ಪಲಿಲ್ಲ."

"ಹನ್ನೊಂದು ದಿನ ಇಟ್ಕೊಂಡಿದ್ರು. ಬಾವುಟದ ದೇಶ ನಮ್ಮಲ್ಲಿ ಅಂಥ ಕೋರ್ಟಿಲ್ಲ ಅಂತು. ಮಾಲೀಕನ ದೇಶ ಬಾವುಟ ನಮ್ಮದಲ್ಲ ಅಂತು. ಹಿಡಿದ ದೇಶ ಹಡಗೇ ನಮ್ಮದಲ್ಲ ಅಂತು. ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು? ಕೊನೆಗೆ ಊಟ, ನೀರು, ಡೀಸೆಲ್ ಕೊಟ್ಟು ಅವರ ದೋಣೀಲೇ ಬಿಟ್ಟುಬಿಟ್ರು. ಸಾಕ್ಷಿ ಹೇಳೋಕೆ ನಾವು ಇಪ್ಪತ್ತೆರಡು ಜನ ಇದ್ವಿ. ಒಬ್ಬರೂ ನಮ್ಮನ್ನ ಕರೀಲಿಲ್ಲ." ಚಿಕ್ಕಪ್ಪನ ದನಿ ಏರಿತ್ತು. ಅದು ಸಿಟ್ಟು, ಮೈಕಿನ ಭಯವಲ್ಲ. "ಮುಂದಿನ ವರ್ಷ ನಮ್ಮ ಬೋಸನ್ ಸೇರಿದ್ದ ಇನ್ನೊಂದು ಹಡಗು ಅವರ ಕೈಗೆ ಸಿಕ್ತು. ಅದರಲ್ಲಿ ಬದುಕಿ ಬಂದವರು ಹೇಳಿದ ಗುರುತು ಅದೇ ಸಾರ್, ಅರ್ಧ ಕಿವಿ. ದೇಶಗಳು ಏನು ಮಾಡಬೇಕು ಅಂತ ಬರೆದಿದ್ದೀರಿ. ನಾನು ಅಡುಗೆಯವನು, ಎಣಿಸೋದೊಂದೇ ಗೊತ್ತು. ಈಗ ಎಣಿಸ್ತೀನಿ, ಕೇಳಿ."

ಮೈಕು ಪಕ್ಕಕ್ಕೆ ಸರಿಸಿದರು.

"ಎರಡು ಚಮಚ?"

ನನ್ನ ಪಕ್ಕದ ಸ್ವೆಟರಿನವರು ಕುರ್ಚಿ ಕೆಡವಿಕೊಂಡು ಎದ್ದರು. "ಇದ್ದೀನಿ!" ನಾನು ಬೆಚ್ಚಿ ಅವರ ಬೆರಳು ನೋಡಿದೆ. ನಿಜಕ್ಕೂ ಹಲ್ಲಿನ ಗುರುತಿತ್ತು.

ಚಿಕ್ಕಪ್ಪ ಕೈ ಬಾಯಿಗೆ ಅಡ್ಡಹಿಡಿದು ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದರು.

"ನಿಂಬೆ?"

ಇನ್ನೂರು ಜನ ತಿರುಗಿ ಹಿಂದೆ ನೋಡಿದರು. ಯಾರೂ ಏಳಲಿಲ್ಲ. ಸ್ವೆಟರಿನವರು ನಿಂತೇ ಇದ್ದರು.