ಹೊಸ್ತಿಲು ದಾಟಿದ ನೈಟಿ

ಪಾಂಡವಪುರದ ನಮ್ಮ ಬೀದಿಯಲ್ಲಿ ರಾತ್ರಿಯೂ ನೈಟಿ, ಹಗಲೂ ನೈಟಿ. ಅದಕ್ಕೆ ಆ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಒಂದು ದಿನವೂ ಮನೆಗೆಲಸ ಮಾಡಿದವರಲ್ಲ. ಬಾಗಿಲಿಗೆ ಯಾರಾದರೂ ಬಂದರೆ ಹೆಗಲ ಮೇಲೊಂದು ಟವೆಲ್ ಎಳೆದುಕೊಳ್ಳುತ್ತೇವೆ, ಅಲ್ಲಿಗೆ ಮಾನ ಮರ್ಯಾದೆ ಎಲ್ಲ ಮುಚ್ಚಿತು. ಈ ಏರ್ಪಾಡನ್ನು ಒಪ್ಪದೇ ಇದ್ದವರು ಎದುರು ಮನೆಯ ದೊಡ್ಡತಾಯಮ್ಮ ಒಬ್ಬರೇ.

ಅವರದು ಅಕ್ಕಸಾಲಿಗರ ಮನೆ. ಮಗ ಸುರೇಂದ್ರ ಬೀದಿಯ ಕಡೆಯ ಕೋಣೆಯಲ್ಲೇ ಕೂತು ಒಡವೆ ಮಾಡುತ್ತಾನೆ. ಸೊಸೆ ಸೌಮ್ಯಶ್ರೀ ಮಾಕವಳ್ಳಿ ಕಡೆಯವಳು. ಎರಡು ಚಿಕ್ಕ ಮಕ್ಕಳು, ಒಲೆ, ಬಟ್ಟೆ, ಬಂದಾಗಲೇ ಹಿಡಿದುಕೊಳ್ಳಬೇಕಾದ ನಲ್ಲಿ ನೀರು. ಬೆಳಗಿನಿಂದ ಅವಳು ಕೂತಿದ್ದನ್ನು ನಾನು ಕಂಡಿಲ್ಲ. ಇಂಥವಳಿಗೆ ಅತ್ತೆ ಹಾಕಿದ ಕಾನೂನು ಏನೆಂದರೆ, ಹೊಸ್ತಿಲೊಳಗೆ ನೈಟಿ, ಹೊಸ್ತಿಲು ದಾಟಿದರೆ ಸೀರೆ.

ಕಸದ ಗಾಡಿಗೆ ಈ ಕಾನೂನು ಗೊತ್ತಿರಲಿಲ್ಲ. ಅದು ಹಾಡು ಹಾಕಿಕೊಂಡು ಬೀದಿಗೆ ಬರುವುದು, ಸೌಮ್ಯ ಸೀರೆಗೆ ಓಡುವುದು, ಅವಳು ನೆರಿಗೆ ಸಿಕ್ಕಿಸುವಷ್ಟರಲ್ಲಿ ಗಾಡಿ ತಿರುವು ದಾಟುವುದು. ಕಸ ಮನೆಯಲ್ಲೇ ಉಳಿದು ನಾರಿದರೆ ಅದಕ್ಕೂ ಸೊಸೆಗೇ ಬೈಗುಳ. ನೋಡಿ ನೋಡಿ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಸೌಮ್ಯಳಿಗೆ ಹೊಲಿಗೆ ಬರುತ್ತಿತ್ತು. ಕುಂಕುಮ ಬಣ್ಣದ ಹಳೆಯ ನೂಲು ಸೀರೆಯೊಂದನ್ನು ಕತ್ತರಿಸಿ ಅವಳೇ ಒಂದು ನೈಟಿ ಹೊಲಿದಳು. ಸೀರೆಯ ಹಳದಿ ಅಂಚು ತೋಳಿಗೂ ಕೆಳಗೂ ಬಂತು. ಕುತ್ತಿಗೆಗೆ ಕಾಲರು, ಎರಡೂ ಪಕ್ಕಕ್ಕೆ ಆಳವಾದ ಜೇಬು. ಟವೆಲ್ಲಿನ ತಾಪತ್ರಯವೇ ಬೇಡವೆಂದು ಮುಂದೆ ಸೆರಗಿನಂಥ ಬಟ್ಟೆಯನ್ನೂ ಸೇರಿಸಿ ಹೊಲಿದು, ಹೆಗಲ ಮೇಲೆ ಗುಂಡಿ ಹಾಕಿದ್ದಳು. ನೋಡಿದ ಕೂಡಲೇ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

"ಇದ್ರಲ್ಲಿ ಕಸ ಹಾಕ್ಬರಕ್ಕೆ ಓಗ್ಬೋದಾ ಅತ್ತೆ?" ಎಂದು ಕೇಳಿದಳು.

"ಚೆಂದಾಗದೆ. ಒಳಗೇ ಚೆಂದಾಗಿರ್ಲಿ," ಎಂದರು ದೊಡ್ಡತಾಯಮ್ಮ. "ಜೇಬು ಇಕ್ಬುಟ್ರೆ ನೈಟಿ ಸೀರೆ ಆಗ್ಬುಡ್ತದಾ?"

ಒಂದು ಬೆಳಿಗ್ಗೆ ಸುರೇಂದ್ರ ಶ್ರೀರಂಗಪಟ್ಟಣಕ್ಕೆ ಹೋಗಿದ್ದ. ಗಾಡಿಯ ಹಾಡು ಕೇಳಿತು. ಆ ಕುಂಕುಮ ಬಣ್ಣದ ನೈಟಿಯಲ್ಲಿದ್ದ ಸೌಮ್ಯ ಎಂದಿನಂತೆ ಸೀರೆಗೆ ಓಡಿದಳು. ಇವತ್ತಾದರೂ ಗಾಡಿ ತಪ್ಪದಿರಲೆಂದು ದೊಡ್ಡತಾಯಮ್ಮ ತಾವೇ ಕೈಗೆ ಸಿಕ್ಕ ಚೀಲ ಎತ್ತಿ ಗಾಡಿಗೆ ಕೊಟ್ಟು ಬಂದರು.

"ಬುಡು, ನಾನೇ ಕೊಟ್ಬಂದೆ," ಎಂದರು ಒಳಗೆ ಬಂದು, ದೊಡ್ಡ ಉಪಕಾರ ಮಾಡಿದವರ ಹಾಗೆ.

ಸೀರೆ ಕೈಯಲ್ಲಿ ಹಿಡಿದ ಸೌಮ್ಯ ನೋಡಿದರೆ, ಅಡುಗೆಮನೆಯ ಕಸ ಇಟ್ಟಲ್ಲೇ ಇತ್ತು. "ಯಾವ ಚೀಲ ಕೊಟ್ರಿ ಅತ್ತೆ?"

ಕೊಟ್ಟಿದ್ದು ಸುರೇಂದ್ರನ ಕೋಣೆಯ ಚೀಲ. ಅಕ್ಕಸಾಲಿಗರು ಕೆಲಸದ ಜಾಗದ ಕಸ ಎಸೆಯುವುದಿಲ್ಲ. ಅರ ಉಜ್ಜಿದಾಗ ಉದುರುವ ಚಿನ್ನದ ಪುಡಿ ಅದರಲ್ಲಿರುತ್ತದೆ. ತಿಂಗಳುಗಟ್ಟಲೆ ಕೂಡಿಟ್ಟರೆ, ಅದನ್ನು ತೊಳೆದು ಚಿನ್ನ ತೆಗೆಯುವವರು ಬಂದು ಕೊಂಡುಕೊಳ್ಳುತ್ತಾರೆ. ಆ ಮನೆಗೆ ಬಂದ ಸೊಸೆಗೆ ದೊಡ್ಡತಾಯಮ್ಮ ಹೇಳಿಕೊಟ್ಟ ಮೊದಲ ಪಾಠವೇ ಅದು.

ಅವರ ಮುಖ ಸುಣ್ಣವಾಯಿತು. ಸೌಮ್ಯ ಗಡಿಬಿಡಿಯಲ್ಲಿ ಉಡಲೆಂದು ಸೀರೆಯ ಮಡಿಕೆ ಬಿಡಿಸತೊಡಗಿದಳು.

"ಅಂಗೇ ಓಡು ಕಣವ್ವ."

"ನೈಟೀಲಾ ಅತ್ತೆ?"

"ನೈಟೀಲಾರಾ ಓಡು, ಲಂಗ್ದಲ್ಲಾರಾ ಓಡು. ಗಾಡಿ ಓಯ್ತದೆ."

ಸೌಮ್ಯ ಹೊಸ್ತಿಲು ಹಾರಿದಳು. ನಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಾನೂ ಹಿಂದೆ ಓಡಿದೆ. ಆದರೆ ನನ್ನ ಟವೆಲ್ ಹೆಜ್ಜೆಹೆಜ್ಜೆಗೂ ಜಾರುವುದು, ನಾನು ನಿಂತು ಎತ್ತಿಕೊಳ್ಳುವುದು. ಅವಳ ಹೆಗಲ ಬಟ್ಟೆ ಒಂದಿಷ್ಟೂ ಅಲುಗಲಿಲ್ಲ. ಜೇಬಿನಲ್ಲಿದ್ದ ಮೊಬೈಲು, ಬಟ್ಟೆ ಕ್ಲಿಪ್ಪು, ಬೆಳ್ಳುಳ್ಳಿ ಯಾವುದೂ ಬೀಳಲಿಲ್ಲ. ಅಂತೂ ಅವಳು ಸಂತೆಬೀದಿಯಲ್ಲಿ ಗಾಡಿ ಹಿಡಿದಳು.

ಚೀಲ ವಾಪಸ್ಸು ಕೊಡುತ್ತಾ ಡ್ರೈವರ್ ಚಿಕ್ಕಸ್ವಾಮಿ, "ಎಲ್ರೂ ಕಸ ಕೊಡಕ್ಕೆ ಓಡ್ಬತ್ತಾರೆ. ಇಸ್ಕೊಳಕ್ಕೆ ಓಡ್ಬಂದವ್ಳು ನೀನೇ ಮೊದ್ಲು ಕಣವ್ವ," ಎಂದ.

ಚೀಲವನ್ನು ಸೊಂಟಕ್ಕೇರಿಸಿ ಅವಳು ಸಂತೆಯ ನಡುವೆಯೇ ವಾಪಸ್ಸು ಬಂದಳು. ಯಾರೂ ನಗಲಿಲ್ಲ. ಸೊಪ್ಪು ಮಾರುವ ಮಂಗಳಮ್ಮ ಮಾತ್ರ ತಡೆದು ನಿಲ್ಲಿಸಿ, ಇಂಥ ಜೇಬಿನ ಬಟ್ಟೆ ಎಲ್ಲಿ ಸಿಕ್ಕುತ್ತದೆಂದು ಕೇಳಿದಳು.

ಜಗಲಿಯ ಮೇಲೆ ಕಾಯುತ್ತಿದ್ದ ದೊಡ್ಡತಾಯಮ್ಮ ಚೀಲ ಈಸಿಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು.

"ಇದ್ಕೆ ನೈಟಿ ಅಂತ ಯಾಕಂತೀಯೆ? ಗೌನು ಅನ್ನು. ಗೌನಾದ್ರೆ ಓಡಾಡ್ಬೋದು."

ಮಾರನೇ ದಿನ ಗಾಡಿಯ ಹಾಡು ಕೇಳಿದಾಗ ದೊಡ್ಡತಾಯಮ್ಮ ತಾವೇ ಚೀಲ ತಂದು ಸೊಸೆಯ ಕೈಗಿಟ್ಟರು. ಸೌಮ್ಯ ಅದರ ಬಾಯಿ ಬಿಚ್ಚಿ ಒಳಗೆ ಇಣುಕಿ ನೋಡಿ, ಮತ್ತೆ ಕಟ್ಟಿ, ಆ ಗೌನಿನಲ್ಲೇ ನಿಧಾನವಾಗಿ ಹೊಸ್ತಿಲು ದಾಟಿದಳು. ಇಣುಕಿದ್ದನ್ನು ಕಂಡರೂ ಅತ್ತೆ ಕಾಣದವರಂತೆ ಇದ್ದರು.

ಅವಳು ಬೀದಿಯ ನಡುವೆ ಹೋದಾಗ ಹಿಂದಿನಿಂದ ಕೂಗಿದರು: "ನಂಗೂ ಒಂದು ಹೊಲ್ಕೊಡು. ಜೇಬು ದೊಡ್ದಾಗಿರ್ಲಿ, ಎಲೆಅಡ್ಕೆ ಹಿಡಿಸ್ಬೇಕು."