ಹನ್ನೊಂದು ಕರ್ನಲ್‌ಗಳ ಅಡುಗೆಯವಳು

ನಮ್ಮ ಕಾನ್ಸಾಸ್ ಸೀಮೆಯಲ್ಲಿ ಹಂದಿಮಾಂಸ ಹಾಕಿ ಕಾಳು ಬೇಯಿಸುವುದರಲ್ಲಿ ತಾಮಾರಳನ್ನು ಮೀರಿಸುವವರಿಲ್ಲ. ಊಟಕ್ಕೆ ಬಂದವರು ಉತ್ತರ ದಕ್ಷಿಣದವರಿಗೆ ಯುದ್ಧ ಯಾಕಾಯಿತೆಂದು ವಾದಕ್ಕಿಳಿದರೆ, "ಅದು ಶುರುವಾಗಿದ್ದೇ ನನ್ನ ಪಾತ್ರೆಯಿಂದ, ಸುಮ್ನೆ ಉಣ್ರಿ" ಎನ್ನುತ್ತಾಳೆ. ಜಂಬ ಅಂದುಕೊಳ್ಳಬೇಡಿ. ಆ ಪಾತ್ರೆಯ ಕತೆಯ ಕೊನೆಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಸಾವಿರದ ಎಂಟುನೂರ ಐವತ್ತೈದರ ಮಾರ್ಚಿನಲ್ಲಿ ತಾಮಾರ ನದಿಯಾಚೆ ಮಿಸೌರಿಯಲ್ಲಿ ಸಣಬು ಬೆಳೆಯುವ ಧಣಿಯೊಬ್ಬನ ಗುಲಾಮಳು, ಅವನ ಮನೆಯ ಅಡುಗೆಯವಳು. ಸೋಮವಾರ ಅವಳನ್ನು ದಕ್ಷಿಣದ ವ್ಯಾಪಾರಿಗೆ ಮಾರುವುದೆಂದು ಧಣಿ ಮಾತು ಕೊಟ್ಟಿದ್ದ. ಹಾಗೆ ಹೋದವರು ಮರಳಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಅದೇ ವಾರ ನಮ್ಮಲ್ಲಿ ಚುನಾವಣೆ. ಇಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂದು ಇಲ್ಲಿನವರು ಹೇಳಬೇಕಿತ್ತು. ಮಿಸೌರಿಯವರಿಗೆ ಅಷ್ಟು ತಾಳ್ಮೆಯೆಲ್ಲಿ? ಗುರುತಿಗೆಂದು ಕೋಟಿನ ಗುಂಡಿಗೆ ಸಣಬಿನ ನಾರು ಸಿಕ್ಕಿಸಿಕೊಂಡು, ವಿಸ್ಕಿ ಪೀಪಾಯಿ ಹೇರಿಕೊಂಡು, ನಮ್ಮ ಓಟನ್ನು ತಾವೇ ಹಾಕಲು ಗಾಡಿಗಟ್ಟಲೆ ಹೊರಟರು. ತಾಮಾರಳ ಧಣಿ ಮಾತ್ರ ಕಾಲು ಊದಿ ಹಾಸಿಗೆ ಹಿಡಿದಿದ್ದ. ಅವಳು ಮನೆಯ ಅತಿ ದೊಡ್ಡ ಪಾತ್ರೆಯ ತುಂಬ ಅಡುಗೆ ಮಾಡಿ, ಎದೆಗೊಂದು ನಾರು ಸಿಕ್ಕಿಸಿಕೊಂಡು, ಗಾಡಿಗಳ ಹಿಂದೆ ನಡೆದು ದೋಣಿ ಹತ್ತಿದಳು.

ರಹದಾರಿ ಚೀಟಿ ಇಲ್ಲದ ಗುಲಾಮರನ್ನು ದಾಟಿಸಿದರೆ ಅಂಬಿಗನಿಗೆ ಜೈಲು. ಅವನು ತಡೆದ.

"ಏ, ಚೀಟಿ ಎಲ್ಲಿ?"

"ನಮ್ ಕರ್ನಲ್ ಸಾಹೇಬ್ರ ಹತ್ರ ಐತೆ, ದೊರೆ."

ಮಿಸೌರಿಯಲ್ಲಿ ಒಳ್ಳೆಯ ಕುದುರೆ ಇದ್ದವರೆಲ್ಲ ಕರ್ನಲ್‌ಗಳೇ. ದೋಣಿಯಲ್ಲಿ ಅಂಥವರು ಹನ್ನೊಂದು ಮಂದಿಯಿದ್ದರು.

"ಕರ್ನಲ್, ಇವ್ಳು ನಿಮ್ಮೋಳಾ?" ಎಂದು ಅಂಬಿಗ ಕೂಗಿದ.

ಅವಳು ಪಾತ್ರೆಯ ಮುಚ್ಚಳವನ್ನು ಒಂದಿಷ್ಟು ಸರಿಸಿದಳು. ಬೆಳಗಿನಿಂದ ಬರೀ ವಿಸ್ಕಿ ಕುಡಿದಿದ್ದ ಹನ್ನೊಂದು ಮೂಗುಗಳು ಇತ್ತ ತಿರುಗಿದವು.

"ಹೌದು, ನಮ್ಮೋಳೇ," ಎಂದರು ಹನ್ನೊಂದು ಜನರೂ.

ಅಂಬಿಗ ದೋಣಿ ಬಿಟ್ಟ. ನಡುನೀರಿಗೆ ಬರುವಷ್ಟರಲ್ಲಿ ಜಗಳ ಹತ್ತಿಕೊಂಡಿತು.

"ನಿನ್ನೋಳಾದ್ರೆ ಹೆಸರು ಹೇಳಯ್ಯಾ, ನೋಡೋಣ."

"ಸ್ಯಾಲಿ."

"ಥೂ ನಿನ್ನ, ಇವ್ಳು ಡೈನಾ. ನಮ್ಮಪ್ಪನ ಕಾಲದಿಂದ ನಮ್ಮನೇಲೇ ಇದ್ದೋಳು."

ಒಬ್ಬ ಮನುಷ್ಯ ಇನ್ನೊಬ್ಬನ ಸ್ವತ್ತಾಗಬಹುದೆಂದು ಕಾಯಿದೆ ಮಾಡಿಸಲು ಹೊರಟವರಿಗೆ, ಈ ಒಬ್ಬಳು ಯಾರ ಸ್ವತ್ತೆಂದು ತೀರ್ಮಾನಿಸಲಾಗಲಿಲ್ಲ. ಕೊರಳಪಟ್ಟಿಗಳಿಗೆ ಕೈ ಬಿತ್ತು, ಟೋಪಿಗಳು ನೀರಿಗೆ ಬಿದ್ದವು. ಅವಳನ್ನೇ ಕೇಳೋಣವೆಂದು ಒಬ್ಬನಿಗೂ ಹೊಳೆಯಲಿಲ್ಲ.

ದೋಣಿ ದಡಕ್ಕೆ ತಾಗಿದಾಗ ಪಾತ್ರೆಯ ಒಂದೊಂದು ಕಿವಿಯನ್ನು ಒಬ್ಬೊಬ್ಬ ಕರ್ನಲ್ ಹಿಡಿದು ಜಗ್ಗುತ್ತಿದ್ದ. ತಾಮಾರ ಅದನ್ನು ಅವರಿಗೇ ಬಿಟ್ಟು, ಲಂಗಕ್ಕೆ ಕೈ ಒರೆಸಿಕೊಂಡು ಇಳಿದು ಬಂದಳು.

ನಾನು ಅಲ್ಲಿ ನೀರು ತುಂಬುತ್ತಿದ್ದೆ. ಧಣಿಯಿಂದ ತಪ್ಪಿಸಿಕೊಂಡು ಬಂದವಳೆಂದು ನೋಡಿದ ಕೂಡಲೇ ಅರ್ಥವಾಯಿತು. ಅವಳ ಎದೆಯ ನಾರು ಕಿತ್ತೆಸೆದು, ನನ್ನ ಶಾಲು ಹೊದಿಸಿ, ನಮ್ಮ ಗಾಡಿಯ ಕಡೆ ಎಳೆದುಕೊಂಡು ನಡೆದೆ.

"ನಿನ್ನ ಹೆಸರೇನಮ್ಮಾ?" ಎಂದೆ.

ಅದುವರೆಗೆ ಗಟ್ಟಿಯಾಗಿದ್ದವಳು ಅಲ್ಲೇ ನಿಂತುಬಿಟ್ಟಳು.

"ಹನ್ನೊಂದು ಜನ ನನ್ನೋಳು ಅಂದ್ರು, ತಾಯಿ. ಹೆಸರು ಕೇಳಿದೋಳು ನೀನೊಬ್ಳೇ."